ಕಲೆಕ್ಟರ್ ರಜೆಯ ದಿನದ ಪಂದ್ಯ

ನಮ್ಮ ಲೀಗ್ ದೊಡ್ಡದೇನೂ ಆಗಿರಲಿಲ್ಲ. ಹಾಗಂತ ತೀರಾ ಚಿಲ್ಲರೆಯೂ ಅಲ್ಲ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಕೆಲವು ಕಾಲೇಜುಗಳು ಸೇರಿ ಹುಡುಗಿಯರಿಗಾಗಿ ನಡೆಸುತ್ತಿದ್ದ ವಾಲಿಬಾಲ್ ಕೂಟ ಅದು. ಪತ್ರಿಕೆಯ ಒಳಪುಟದಲ್ಲಿ ಒಂದು ಫೋಟೋ ಬರುವಷ್ಟು ಮರ್ಯಾದೆ ಇತ್ತು, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಮಾಡುವವರು ಎದ್ದು ಬಂದು ನೋಡುವಷ್ಟು ಇರಲಿಲ್ಲ. ನಾನು ಮುಳ್ಳೇರಿಯದ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಪಿ.ಟಿ. ಟೀಚರ್. ಮನೆ ಕುಂಬಳೆಯಲ್ಲಿ. ದಿನಾ ಬಸ್ಸಿನಲ್ಲಿ ಗುಡ್ಡ ಹತ್ತಿ ಇಳಿಯುವುದೇ ನನ್ನ ವ್ಯಾಯಾಮ ಎಂದು ಮಕ್ಕಳು ತಮಾಷೆ ಮಾಡುವುದುಂಟು.

ಮೊದಲೆಲ್ಲ ಪಂದ್ಯದ ದಿನಗಳನ್ನು ನಿಗದಿ ಮಾಡುತ್ತಿದ್ದದ್ದು ಕುಂಬಳೆಯ ಒಂದು ಹೋಟೆಲಿನಲ್ಲಿ. ಪಿ.ಟಿ.ಯವರೆಲ್ಲ ಗೋಳಿಬಜೆ ತಿನ್ನುತ್ತ ಕೂತರೆ ಮೇಜಿನ ಮೇಲೆ ಮೂರು ಕ್ಯಾಲೆಂಡರು: ಮಂಗಳೂರಿನ ಪಂಚಾಂಗದ್ದು ಒಂದು, ಮಲಯಾಳದ್ದು ಒಂದು, ಮಸೀದಿಯಿಂದ ತಂದದ್ದು ಒಂದು. ಭೂತದ ಕೋಲ ಇರುವ ದಿನ ಬೇಡ, ಉರೂಸಿನ ದಿನ ಬೇಡ, ಶುಕ್ರವಾರವಾದರೆ ಜುಮಾ ಮುಗಿದ ಮೇಲೆ, ಮುಳ್ಳೇರಿಯದ ಹುಡುಗಿಯರ ಪಂದ್ಯವಾದರೆ ಬಸ್ಸು ತಪ್ಪದ ಹಾಗೆ ಬೇಗ. ಒಬ್ಬರು ಒಂದು ದಿನ ಹೇಳಿದರೆ ಇನ್ನೊಬ್ಬರು "ಆ ದಿನ ನಮ್ಮ ಮನೆಯಲ್ಲೇ ಕೋಲ ಉಂಟು ಮಾರಾಯ್ರೇ" ಎನ್ನುವುದು. ಜಗಳ ಜೋರಾಗಿಯೇ ನಡೆಯುತ್ತಿತ್ತು. ಆದರೆ ಏಳುವಾಗ ಎಲ್ಲರಿಗೂ ಒಪ್ಪಿಗೆಯಾದ ಒಂದು ಪಟ್ಟಿ ಇರುತ್ತಿತ್ತು. ಅಕಾಲದ ಮಳೆಗೆ ಕಲೆಕ್ಟರ್ ರಜೆ ಕೊಟ್ಟರೆ ಪಂದ್ಯ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ ಎಂಬುದು ನಮ್ಮ ನಿಯಮ. ಎಲ್ಲರೂ ಒಂದೇ ಜಿಲ್ಲೆಯವರು, ಕಲೆಕ್ಟರೂ ಒಬ್ಬರೇ. ಅದರಲ್ಲಿ ಯಾರಿಗೂ ಸಂಶಯ ಬಂದದ್ದಿಲ್ಲ.

ಆಮೇಲೆ ಲೀಗನ್ನು ದೊಡ್ಡದು ಮಾಡುವ ಮಾತು ಬಂತು. ಕಾಞಂಗಾಡಿನ ಕಡೆಯ ಕಾಲೇಜುಗಳು, ಅಲ್ಲಿಂದಾಚೆ ಕಣ್ಣೂರು ಜಿಲ್ಲೆಯ ಒಂದು ದೊಡ್ಡ ಕಾಲೇಜು ಸೇರುತ್ತವೆ ಎಂದರು. ಆ ದೊಡ್ಡ ಕಾಲೇಜಿನಲ್ಲಿ ಮಾಡು ಇರುವ ಒಳಾಂಗಣ ಕ್ರೀಡಾಂಗಣ ಉಂಟು, ಮಳೆಗಾಲದಲ್ಲೂ ಆಡಬಹುದು, ಹಾಗಾಗಿ ಮಳೆ ಬಿಡುವುದನ್ನು ಕಾಯದೆ ಮೊದಲೇ ಲೀಗ್ ಶುರು ಮಾಡುವ ಎಂದರು. ನಮಗೆಲ್ಲ ಆಸೆ ಹುಟ್ಟಿಸಿದ್ದು ಇನ್ನೊಂದು ಮಾತು. ವಿಶ್ವವಿದ್ಯಾಲಯದ ತಂಡಕ್ಕೆ ಈ ಸಲ ಬೇರೆ ಟ್ರಯಲ್ಸ್ ಇಲ್ಲ, ಆಯ್ಕೆ ಮಾಡುವವರು ಆ ಕ್ರೀಡಾಂಗಣಕ್ಕೆ ಬಂದು ಲೀಗಿನ ಪಂದ್ಯ ನೋಡಿಯೇ ಹುಡುಗಿಯರನ್ನು ಆರಿಸುತ್ತಾರೆ.

ಇದನ್ನು ಕೇಳಿ ನನ್ನ ತಂಡದ ಕ್ಯಾಪ್ಟನ್ ಕುಣಿದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಡಿಗ್ರಿಯ ಕೊನೆಯ ವರ್ಷದ ಹುಡುಗಿ. ಅಪ್ಪ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು, ಅಮ್ಮ ಗೇರುಬೀಜದ ಕಾರ್ಖಾನೆಗೆ. ಮನೆಯಲ್ಲಿ ತುಳು, ಕಾಲೇಜಿನಲ್ಲಿ ಕನ್ನಡ, ಅಂಕಣದಲ್ಲಿ ಮಾತೇ ಇಲ್ಲ. ಎಡಗೈಯವಳು. ನೆಟ್ಟಿನ ಪಕ್ಕದಿಂದ ಅವಳು ಹಾರಿ ಹೊಡೆದರೆ ನಮ್ಮ ಕೆಂಪು ಮಣ್ಣಿನ ಕೋರ್ಟಿನಲ್ಲಿ ಧೂಳು ಏಳುತ್ತಿತ್ತು. ವಿಶ್ವವಿದ್ಯಾಲಯದ ಜೆರ್ಸಿ ಒಮ್ಮೆ ಮೈಮೇಲೆ ಬಂದರೆ ಪೊಲೀಸಿಗೋ ರೈಲ್ವೆಗೋ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಬಹುದು. ಅದೊಂದೇ ಅವಳ ಲೆಕ್ಕಾಚಾರ. ಅದರಾಚೆಗೆ ಅವಳಿಗೆ ದಾರಿಯೂ ಇರಲಿಲ್ಲ, ಏಕೆಂದರೆ ಪರೀಕ್ಷೆಯಲ್ಲಿ ಅವಳು ಪಾಸಾಗುವುದೇ ದೊಡ್ಡ ಸಂಗತಿ.

"ಟೀಚರ್, ನೀವು ಬೇಡ ಅಂತ ಮಾತ್ರ ಹೇಳ್ಬೇಡಿ ಆಯ್ತಾ. ಒಂದು ಸಲ ಅವರು ನನ್ನ ಆಟ ನೋಡಿದ್ರೆ ಸಾಕು" ಎಂದಳು.

"ನಾನು ಎಂತಕ್ಕೆ ಬೇಡ ಅನ್ನುದು ಮಾರಾಯ್ತಿ? ನಿನಗಿಂತ ಹೆಚ್ಚು ಆಸೆ ನನಗುಂಟು" ಎಂದೆ. ಸುಳ್ಳಲ್ಲ. ಇಷ್ಟು ವರ್ಷದಲ್ಲಿ ನನ್ನ ಕಾಲೇಜಿನಿಂದ ಒಬ್ಬಳೂ ಆ ಜೆರ್ಸಿ ಹಾಕಿದವಳಿಲ್ಲ.

ಸಭೆ ನಡೆದದ್ದು ಆ ದೊಡ್ಡ ಕಾಲೇಜಿನ ಎ.ಸಿ. ಕೋಣೆಯಲ್ಲಿ, ಮಲಯಾಳದಲ್ಲಿ. ನಮ್ಮ ಕಡೆಯವರಿಗೆ ಮಲಯಾಳ ಬರುವುದಿಲ್ಲ ಎಂದೇನಿಲ್ಲ. ಮೀನು ಕೊಳ್ಳಲು ಬರುತ್ತದೆ, ವಿಲೇಜ್ ಆಫೀಸಿನಲ್ಲಿ ಕೆಲಸ ಮಾಡಿಸಿಕೊಳ್ಳಲು ಬರುತ್ತದೆ. ಸಭೆಯಲ್ಲಿ ಎದ್ದು ನಿಂತು ವಾದ ಮಾಡಲು ಮಾತ್ರ ನಾಲಿಗೆ ಏಳುವುದಿಲ್ಲ. ತಪ್ಪಾಗಿ ಮಾತಾಡಿದರೆ ಅವರು ನಕ್ಕಾರು ಎಂಬ ಭಯ. ಹಾಗಾಗಿ ನಮ್ಮವರದ್ದು ಒಂದು ಅಭ್ಯಾಸ: ಸಭೆಯಲ್ಲಿ ಎಲ್ಲದಕ್ಕೂ "ಶರಿ, ಶರಿ", ಜಗಳವೆಲ್ಲ ಹಿಂದಿರುಗುವ ರೈಲಿನಲ್ಲಿ. ಆ ದಿನವೂ ಅವರು ಪರದೆಯ ಮೇಲೆ ಪಂದ್ಯಗಳ ವೇಳಾಪಟ್ಟಿ ತೋರಿಸಿದರು. ಕಂಪ್ಯೂಟರ್ ಮಾಡಿದ್ದು, ಬಣ್ಣ ಬಣ್ಣದ ಚೌಕಗಳು. ಹಳೆಯ ನಿಯಮಗಳನ್ನೆಲ್ಲ ಹಾಗೇ ಉಳಿಸಿಕೊಂಡಿದ್ದೇವೆ, ಕಲೆಕ್ಟರ್ ರಜೆಯ ನಿಯಮ ಕೂಡ ಎಂದರು. ಪಂದ್ಯ ನಡೆಯುವ ಜಿಲ್ಲೆಯಲ್ಲಿ ರಜೆ ಇದ್ದರೆ ಪಂದ್ಯ ಮುಂದಕ್ಕೆ. ನಾವೆಲ್ಲ ಕೋಲೆ ಬಸವನ ಹಾಗೆ ತಲೆಯಾಡಿಸಿದೆವು. ನಾನೂ ಆಡಿಸಿದೆ.

ರೈಲು ಹೊರಟ ಮೇಲೆ ಮಂಜೇಶ್ವರ ಕಡೆಯ ಹಿರಿಯ ಪಿ.ಟಿ. ಸರ್ ಒಬ್ಬರು ಕಡಲೆ ತಿನ್ನುತ್ತಿದ್ದವರು ತಟ್ಟನೆ ಕೇಳಿದರು: "ಅಲ್ಲ, ನಮ್ಮಲ್ಲಿ ರಜೆ ಇದ್ದು ಅಲ್ಲಿ ಇಲ್ಲದಿದ್ರೆ ಎಂತ ಮಾಡುದು?"

ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡಿದರು. ಹೌದಲ್ಲ, ಕೇಳಬೇಕಿತ್ತು, ನೀವೇ ಕೇಳಬಹುದಿತ್ತಲ್ಲ, ನೀವೆಂತ ಬಾಯಿಗೆ ಬೀಗ ಹಾಕಿದ್ರಾ. ಕೊನೆಗೆ ಆ ಸರ್ರೇ "ಇರ್ಲಿ ಬಿಡಿ, ಮುಂದಿನ ಸಭೆಯಲ್ಲಿ ಕೇಳುವ" ಎಂದು ಕಡಲೆಯ ಪೊಟ್ಟಣ ಮಡಚಿದರು. ಮುಂದಿನ ಸಭೆ ಲೀಗ್ ಮುಗಿದ ಮೇಲೆ ಎಂದು ನಮಗೆಲ್ಲ ಗೊತ್ತಿತ್ತು.

ವೇಳಾಪಟ್ಟಿಯ ಪ್ರಕಾರ ಆ ಕ್ರೀಡಾಂಗಣದಲ್ಲಿ ನಮಗಿದ್ದದ್ದು ಒಂದೇ ಪಂದ್ಯ. ಆಯ್ಕೆ ಮಾಡುವವರು ಬರುವುದೂ ಅದೇ ದಿನ. ಕ್ಯಾಪ್ಟನ್ ಅದಕ್ಕಾಗಿ ಒಂದು ತಿಂಗಳು ಮಳೆಯಲ್ಲೇ ಅಭ್ಯಾಸ ಮಾಡಿದಳು. ಕೋರ್ಟು ಕೆಸರಾದಾಗ ಕಾಲೇಜಿನ ಜಗಲಿಯಲ್ಲಿ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಕೆಮಿಸ್ಟ್ರಿಯವರು ಬಂದು "ಪಾಠ ಮಾಡ್ಲಿಕ್ಕೆ ಆಗುದಿಲ್ಲ, ನಿಲ್ಲಿಸ್ಲಿಕ್ಕೆ ಹೇಳಿ" ಎಂದರೆ ನಾನು ಹೂಂಗುಟ್ಟಿ ಸುಮ್ಮನಿರುತ್ತಿದ್ದೆ.

ಪಂದ್ಯದ ಹಿಂದಿನ ಸಂಜೆ ಟಿ.ವಿ.ಯಲ್ಲಿ ಕಾಸರಗೋಡಿಗೆ ರೆಡ್ ಅಲರ್ಟ್ ಎಂದರು. ಸ್ವಲ್ಪ ಹೊತ್ತಿಗೆ ಕಲೆಕ್ಟರ್ ಆದೇಶ ವಾಟ್ಸ್ಆ್ಯಪಿನಲ್ಲಿ ಬಂತು. ನಾಳೆ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ರಜೆ, ಅಂಗನವಾಡಿಯಿಂದ ಕಾಲೇಜಿನವರೆಗೆ. ಕಣ್ಣೂರಿಗೆ ರಜೆ ಇದೆಯೇ ಎಂದು ನೋಡಿದೆ. ಇರಲಿಲ್ಲ.

ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಅವರು ಒಳ್ಳೆಯವರೇ, ಆದರೆ ಹೆದರುವವರು. "ಟೀಚರ್, ರಜೆಯ ದಿನ ಮಕ್ಕಳನ್ನು ಜಿಲ್ಲೆ ದಾಟಿಸ್ಲಿಕ್ಕೆ ನಾನು ಹೇಗೆ ಸಹಿ ಹಾಕುದು? ದಾರಿಯಲ್ಲಿ ಒಂದು ಮರ ಬಿದ್ರೆ ನಿಮಗೂ ಕೆಲಸ ಇಲ್ಲ, ನನಗೂ ಇಲ್ಲ" ಎಂದರು. ಮಕ್ಕಳ ಮನೆಯವರಿಂದ ಒಪ್ಪಿಗೆ ಬರೆಸಿಕೊಳ್ಳುತ್ತೇನೆ ಎಂದೆ. ಆಗುವುದಿಲ್ಲ ಎಂದರು. ನಾನೇ ಖಾಸಗಿಯಾಗಿ ಜೀಪು ಮಾಡಿ ಕರೆದುಕೊಂಡು ಹೋಗುತ್ತೇನೆ ಎಂದೆ. ಆಗ ಅವರು ನಿಧಾನವಾಗಿ, "ಕಾಲೇಜಿನ ಹೆಸರಲ್ಲಿ ಆಡ್ಲಿಕ್ಕೆ ಕಾಲೇಜಿನ ಪತ್ರ ಬೇಕಲ್ಲ" ಎಂದರು. ಅಲ್ಲಿಗೆ ಅದು ಮುಗಿಯಿತು.

ಲೀಗಿನ ಕಾರ್ಯದರ್ಶಿಗೆ ಫೋನ್ ಮಾಡಿದೆ. ನನಗೆ ಬರುವ ಮಲಯಾಳದಲ್ಲೆಲ್ಲ ಬೇಡಿದೆ, ಬೈದೆ, ಮತ್ತೆ ಬೇಡಿದೆ. ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡರು. ಇಲ್ಲಿ ರಜೆ ಇಲ್ಲ, ಮರುದಿನ ಕ್ರೀಡಾಂಗಣ ಬೇರೆಯವರಿಗೆ ಕೊಟ್ಟಾಗಿದೆ, ಆಯ್ಕೆಯವರು ನಾಳೆ ಸಂಜೆಯೇ ಹೊರಡುತ್ತಾರೆ ಎಂದರು. ಈ ನಿಯಮವನ್ನು ಸಭೆಯಲ್ಲಿ ನೀವೂ ಒಪ್ಪಿದ್ದಲ್ಲವೇ ಎಂದೂ ಕೇಳಿದರು. ಶರಿ ಎಂದು ಫೋನ್ ಇಟ್ಟೆ.

ತಂಡದ ಗ್ರೂಪಿಗೆ "ನಾಳೆ ಹೋಗ್ಲಿಕ್ಕಿಲ್ಲ, ಕಾಲೇಜು ಬಿಡುವುದಿಲ್ಲ" ಎಂದು ಹಾಕಿದೆ. ಹುಡುಗಿಯರೆಲ್ಲ ಅಳುವ ಮುಖಗಳನ್ನು ಕಳಿಸಿದರು. ಕ್ಯಾಪ್ಟನ್ ಓದಿದ್ದು ಕಾಣಿಸುತ್ತಿತ್ತು. ಏನೂ ಬರೆಯಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಅತ್ತು ಮಲಗಿರಬೇಕು ಎಂದುಕೊಂಡೆ.

ಬೆಳಿಗ್ಗೆ ಎದ್ದು ನೋಡಿದರೆ ಬಿಸಿಲು! ಕಲೆಕ್ಟರ್ ರಜೆ ಕೊಟ್ಟರೆ ಮಳೆಯೂ ರಜೆ ಹಾಕುತ್ತದೆ ಎಂದು ನಮ್ಮಲ್ಲಿ ಮಕ್ಕಳು ನಗಾಡುವುದುಂಟು, ಆ ದಿನ ನನಗೆ ನಗು ಬರಲಿಲ್ಲ. ಬಸ್ಸುಗಳು ಓಡುತ್ತಿದ್ದವು, ಅಂಗಡಿಗಳು ತೆರೆದಿದ್ದವು, ಕುಂಬಳೆ ಪಕ್ಕದ ಅನಂತಪುರದ ಕಾರ್ಖಾನೆಗಳಿಗೆ ಕೆಲಸದವರು ಹೋಗುತ್ತಿದ್ದರು. ಮುಚ್ಚಿದ್ದು ನಮ್ಮ ಕಾಲೇಜು ಮಾತ್ರ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುತ್ತ ಆಕಾಶಕ್ಕೆ ಬಾಯಿಗೆ ಬಂದ ಹಾಗೆ ಬೈದೆ.

ಅಷ್ಟರಲ್ಲಿ ಫೋನ್ ಬಂತು. ಆ ದೊಡ್ಡ ಕಾಲೇಜಿನ ಕೋಚ್, ನನ್ನ ವಯಸ್ಸಿನವರೇ. ಸ್ವಲ್ಪ ಗಾಬರಿಯಿಂದ ಮಲಯಾಳದಲ್ಲಿ ಕೇಳಿದರು: ನಿಮ್ಮ ಒಬ್ಬಳು ಹುಡುಗಿ ಬಂದಿದ್ದಾಳಲ್ಲ, ಉಳಿದವರು ಎಲ್ಲಿ?

ಅವಳ ಕೈಗೆ ಫೋನ್ ಕೊಡಿ ಎಂದೆ.

"ಟೀಚರ್" ಎಂದಳು. ಸಣ್ಣ ಸ್ವರ.

"ಎಂತ ಮಾರಾಯ್ತಿ ನೀನು! ಒಬ್ಬಳೇ ಹೋದದ್ದಾ? ಮನೆಯಲ್ಲಿ ಗೊತ್ತುಂಟಾ?"

"ಕಾಲೇಜಿನಿಂದ ಕರ್ಕೊಂಡು ಹೋಗ್ತಾರೆ ಅಂತ ಹೇಳಿದ್ದೇನೆ."

"ಆರು ಜನ ಬೇಕು ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತುಂಟು ಟೀಚರ್. ಆಯ್ಕೆಯವರು ಒಮ್ಮೆ ನೋಡ್ಲಿ ಅಂತ ಬಂದೆ."

ಬೈಯುವುದನ್ನು ಬಿಟ್ಟು, ಕೋಚಿನ ಕೈಗೆ ಫೋನ್ ಕೊಡು ಎಂದೆ. ಕೋಚ್ ಮತ್ತೆ ಫೋನ್ ತೆಗೆದುಕೊಂಡಾಗ, ಅವಳ ನಾಲ್ಕು ಹೊಡೆತವನ್ನಾದರೂ ನೋಡಲು ಆಯ್ಕೆಯವರ ಹತ್ತಿರ ಹೇಳಿ ಎಂದು ಅಂಗಲಾಚಿದೆ. ಕೋಚ್ ಹೇಳಿಯೂ ನೋಡಿದರು, ಪಾಪ. ಆಯ್ಕೆಯವರು, ನಾವು ಬಂದದ್ದು ಪಂದ್ಯ ನೋಡಲಿಕ್ಕೆ, ಒಬ್ಬಳಿಗೆ ಹೀಗೆ ಮಾಡಿದರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದರಂತೆ. ಅವರ ಮಾತಿನಲ್ಲೂ ತಪ್ಪು ಹಿಡಿಯುವಂತಿರಲಿಲ್ಲ. ಎಲ್ಲರದ್ದೂ ಸರಿಯೇ ಇತ್ತು. ಅದೇ ನನಗೆ ಬೆಂಕಿ ಹಚ್ಚಿದ್ದು.

ಊಟ ಮಾಡದೆ ಬರಬೇಡ, ಕುಂಬಳೆಯಲ್ಲಿ ಇಳಿ, ಮುಳ್ಳೇರಿಯದ ಬಸ್ಸು ನಾನೇ ಹತ್ತಿಸುತ್ತೇನೆ ಎಂದು ಅವಳಿಗೆ ಹೇಳಿ ಮಧ್ಯಾಹ್ನ ಸ್ಟೇಷನ್ನಿಗೆ ಹೋದೆ. ಲೋಕಲ್ ರೈಲು ತಡವಾಗಿತ್ತು. ಇಳಿದವರ ನಡುವೆ ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಕಾಲೇಜಿನ ನೀಲಿ ಜೆರ್ಸಿಯಲ್ಲೇ ಇದ್ದಳು, ಇಸ್ತ್ರಿಯ ಗೆರೆ ಕೂಡ ಮಾಸಿರಲಿಲ್ಲ. ಅತ್ತ ಕುರುಹು ಇರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಸ್ಟೇಷನ್ನಿನ ಹೊರಗೆ ಚಾ ಕುಡಿಸಿದೆ. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: "ರೆಫ್ರಿ ಟಾಸಿಗೆ ಕರೆದ್ರು ಟೀಚರ್. ಸಮಯ ಆಗುವ ತನಕ ಕಾಯ್ಬೇಕಲ್ಲ, ಅಷ್ಟರಲ್ಲಿ ನಮ್ಮ ತಂಡ ಬಂದ್ರೂ ಬಂದೀತು ಅಂತ ಅವರಿಗೆ. ಟಾಸ್ ನಾನೇ ಗೆದ್ದೆ. ಸರ್ವ್ ಕೇಳಿದೆ."

"ಮತ್ತೆ?"

"ಮತ್ತೆ ಎಂತ. ಚೆಂಡು ಹಿಡ್ಕೊಂಡು ನಿಂತೆ. ಅಂಥ ನೆಲ ನಾನು ನೋಡಿಯೇ ಇರ್ಲಿಲ್ಲ ಟೀಚರ್, ಕಾಲು ಜಾರುದೇ ಇಲ್ಲ. ಆಚೆ ಬದಿ ಅವರು ಆರೂ ಜನ ನಿಂತಿದ್ರು. ಸಮಯ ಆಯ್ತು, ಸೀಟಿ ಊದಿದ್ರು. ಚೆಂಡು ವಾಪಸ್ ಕೇಳಿದ್ರು."

"ಆಯ್ಕೆಯವರು ಇದ್ರಾ?"

"ಸೀಟಿ ಊದಿದ ಕೂಡ್ಲೆ ಚಾ ಕುಡೀಲಿಕ್ಕೆ ಎದ್ದು ಹೋದ್ರು."

ಆಯ್ಕೆಯಾದವರ ಹೆಸರುಗಳು ಆ ವಾರವೇ ಬಂದವು. ಅವಳದ್ದು ಇರಲಿಲ್ಲ, ಇರುವುದಾದರೂ ಹೇಗೆ? ಆಡಲು ಬಾರದ್ದಕ್ಕೆ ಲೀಗಿನ ದಾಖಲೆಯಲ್ಲಿ ನಮ್ಮದು ಆ ಪಂದ್ಯದ ಮೂರೂ ಸೆಟ್ ಸೊನ್ನೆಯಲ್ಲಿ ಸೋತ ತಂಡವಾಯಿತು. ಕಲೆಕ್ಟರ್ ರಜೆಯ ನಿಯಮವನ್ನು ಮುಂದಿನ ಸಭೆಯಲ್ಲಿ ತಿದ್ದಿದರು, ಎರಡು ಜಿಲ್ಲೆಯಲ್ಲಿ ಯಾವುದಕ್ಕೆ ರಜೆ ಕೊಟ್ಟರೂ ಪಂದ್ಯ ಮುಂದಕ್ಕೆ ಎಂದು. ಈ ಸಲ ನಾನು ಎದ್ದು ನಿಂತು, ತಪ್ಪುತಪ್ಪು ಮಲಯಾಳದಲ್ಲೇ ಕೂಗಾಡಿದ್ದೆ. ಯಾರೂ ನಗಲಿಲ್ಲ. ಆದರೆ ಅಷ್ಟರಲ್ಲಿ ಅವಳ ಡಿಗ್ರಿ ಮುಗಿದಿತ್ತು.

ಚಾ ಕುಡಿಸಿದ ಆ ಸಂಜೆ ಮುಳ್ಳೇರಿಯದ ಬಸ್ಸು ಬಂದಾಗ ಮೋಡ ಕಟ್ಟಿತ್ತು, ಹನಿ ಶುರುವಾಗಿತ್ತು. ನಾನು ಏನಾದರೂ ಹೇಳಬೇಕಲ್ಲ ಎಂದು, "ಇರ್ಲಿ ಬಿಡು ಮಗಾ, ನೀನು ಸೋತದ್ದಲ್ಲ, ಆಡ್ಲೇ ಇಲ್ವಲ್ಲ" ಎಂದೆ.

ಅವಳು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ತಿರುಗಿದಳು. "ಅದೇ ಟೀಚರ್. ಆಡಿ ಸೋತಿದ್ರೆ, ನನ್ನ ಆಟ ಅಷ್ಟೇ ಅಂತಾದ್ರೂ ಗೊತ್ತಾಗ್ತಿತ್ತು" ಎಂದಳು. ಕಂಡಕ್ಟರ್ ಬೆಲ್ ಹೊಡೆದ, ಅವಳು ಒಳಗೆ ಹೋದಳು.