ತೊಳೆಯದ ಕಾಲುಚೀಲ

ವರ್ನಾ ಹಾಲ್ವರ್ಸನ್ ಲಿಂಡಾಲ್ ಕಾಲೇಜಿಗೆ ಮೊದಲ ಸಲ ಹೋದದ್ದು ಕೆಲಸ ಕೇಳಿಕೊಂಡಲ್ಲ. ಹಾಲಿನ ಲಾರಿ ಓಡಿಸುವ ಗಂಡ ಲೈಲ್ ಅಲ್ಲಿನ ಊಟದ ಮನೆಯಲ್ಲಿ ತನ್ನ ಕೈಗವಸು ಮರೆತು ಬಂದಿದ್ದ. ಅದನ್ನು ಹುಡುಕಲು ಹೋದವಳು ತಪ್ಪು ಬಾಗಿಲು ತೆರೆದು ವ್ಯಾಯಾಮಶಾಲೆಯ ನೆಲಮಾಳಿಗೆಗೆ ಇಳಿದಳು. ಅಲ್ಲಿ ಫುಟ್‌ಬಾಲ್ ತಂಡದ ಕೋಚ್ ಕ್ವಾಮ್ ಒಗೆಯುವ ಯಂತ್ರದ ಮುಂದೆ ಒದ್ದೆ ಅಂಗಿಯೊಂದನ್ನು ಎತ್ತಿ ಹಿಡಿದುಕೊಂಡು ನಿಂತಿದ್ದ.

"ಇದು ಯಾವ ತಂಡದ್ದು? ಗುಲಾಬಿ ಬಣ್ಣ ಚೆನ್ನಾಗಿದೆ" ಎಂದಳು ವರ್ನಾ.

"ನಮ್ಮದೇ. ಬೆಳಿಗ್ಗೆವರೆಗೂ ಬಿಳಿ ಇತ್ತು" ಎಂದ ಕ್ವಾಮ್.

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಅಂಗಿಯನ್ನು ಮತ್ತೆ ಯಂತ್ರದೊಳಕ್ಕೆ ತುರುಕಿ, "ನಿಮಗೆ ಕೆಲಸ ಬೇಕಾ?" ಎಂದು ಕೇಳಿದ. ಕೈಗವಸು ಕೊನೆಗೂ ಸಿಗಲಿಲ್ಲ.

ಅದಕ್ಕೆ ಮುಂಚೆ ವರ್ನಾ ಜಿಲ್ಲಾ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಾಲಿನ ಮೇಲೆದ್ದ ಸಣ್ಣ ಕುರುವನ್ನು ಅಲಕ್ಷ್ಯ ಮಾಡಿ ಕಾಲನ್ನೇ ಕಳೆದುಕೊಂಡ ಒಬ್ಬನ ಹಾಸಿಗೆ ಬಟ್ಟೆಯನ್ನು ಅವಳೇ ಒಗೆದಿದ್ದಳು. ಅಂದಿನಿಂದ ಕೊಳೆ ಕಂಡರೆ ಅವಳಿಗೆ ಬರುತ್ತಿದ್ದುದು ಹೇಸಿಗೆಯಲ್ಲ, ಭಯ.

ಕಾಲೇಜಿನ ಕೆಲಸ ಅವಳಿಗೆ ಒಗ್ಗಿತು. ಹೆಗಲಿಗೆ ಮೆತ್ತೆ ಕಟ್ಟಿ, ತಲೆಗೆ ಹೆಲ್ಮೆಟ್ಟು ಹಾಕಿ, ಮೊಟ್ಟೆಯಾಕಾರದ ಒಂದು ಚೆಂಡಿಗಾಗಿ ಆ ಹುಡುಗರು ಏಕೆ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಾರೆಂಬುದು ಅವಳಿಗೆ ಪೂರ್ತಿ ತಿಳಿಯಲೇ ಇಲ್ಲ. ಶನಿವಾರ ಅವರು ಹೊರಳಾಡುತ್ತಿದ್ದರು. ಭಾನುವಾರ ಚರ್ಚು ಮುಗಿಸಿ ಬಂದು ಇವಳು ಒಗೆಯುತ್ತಿದ್ದಳು. ಲೆಕ್ಕ ಸರಿಯಾಗಿತ್ತು.

ಲೆಕ್ಕ ತಪ್ಪಿದ್ದು ಯಂತ್ರದ ಬೆಲ್ಟು ಹರಿದ ವರ್ಷ. ಆ ಸಲ ತಂಡ ಮೊದಲ ಎರಡು ಪಂದ್ಯಗಳನ್ನು ಸೋತಿತ್ತು. ಹೊಸ ಬೆಲ್ಟು ಮಿನಿಯಾಪೊಲಿಸ್ಸಿನಿಂದ ಬರುವುದು ತಡವಾಯಿತು. ಅಂಗಿ ಚಡ್ಡಿಗಳನ್ನು ವರ್ನಾ ತೊಟ್ಟಿಯಲ್ಲಿ ಕೈಯಾರೆ ಒಗೆದಳು; ಕಾಲುಚೀಲಗಳಿಗೆ ಮಾತ್ರ ಹೊತ್ತು ಸಾಲಲಿಲ್ಲ. ಹುಡುಗರು ಕೆಸರು ಒಣಗಿದ ಕಾಲುಚೀಲಗಳನ್ನೇ ಏರಿಸಿಕೊಂಡು ಹೋದರು, ಗೆದ್ದು ಬಂದರು.

ಸೋಮವಾರ ತಂಡದ ನಾಯಕ ಕರ್ಟ್ ಓಸ್ಟ್‌ಬಿ ನೆಲಮಾಳಿಗೆಗೆ ಬಂದ. ಬಾಗಿಲು ತುಂಬುವಂಥ ಆಳು. ಮಾತು ಮಾತ್ರ ಮೆತ್ತಗೆ.

"ವರ್ನಾ, ಒಂದು ಸಹಾಯ ಮಾಡ್ಬೇಕು. ಕಾಲುಚೀಲ ತೊಳೀಬೇಡಿ."

"ಬೆಲ್ಟು ಬಂತಲ್ಲ ಮಾರಾಯ."

"ಬರ್ಲಿ ಬಿಡಿ. ನಾವು ಸೋಲೋವರೆಗೂ ತೊಳೀಬಾರ್ದು ಅಂತ ಎಲ್ಲರೂ ಮಾತಾಡ್ಕೊಂಡಿದ್ದೀವಿ."

"ಹಾಗಾದ್ರೆ ಶನಿವಾರ ತೊಳೀತೀನಿ ಬಿಡು" ಎಂದಳು ವರ್ನಾ.

ಶನಿವಾರ ಅವರು ಸೋಲಲಿಲ್ಲ. ಅದರ ಮುಂದಿನ ಶನಿವಾರವೂ ಸೋಲಲಿಲ್ಲ. ಕಾಲುಚೀಲಗಳು ಗಡುಸಾಗುತ್ತ ಹೋದವು. ಕಡೆಗೆ ಗೋಡೆಗೆ ಒರಗಿಸಿದರೆ ನಿಲ್ಲುವಂತಾದವು. ನೆಲಮಾಳಿಗೆಯ ವಾಸನೆ ಮೆಟ್ಟಿಲು ಹತ್ತಿ ಪ್ರಿನ್ಸಿಪಾಲರ ಕೋಣೆಯವರೆಗೂ ಹೋಯಿತು. ಅವರೂ ಕಿಟಕಿ ತೆರೆದಿಟ್ಟುಕೊಂಡರೇ ಹೊರತು ಒಂದು ಮಾತು ಆಡಲಿಲ್ಲ.

ಊರಿನಲ್ಲಿ ವರ್ನಾಳಿಗೆ ಎಂದೂ ಇಲ್ಲದ ಮರ್ಯಾದೆ ಶುರುವಾಯಿತು. ಕಾಫಿ ಅಂಗಡಿಯವನು ಕೇಳದೆಯೇ ಸೇಬಿನ ಪೈ ತಂದಿಟ್ಟು ಹಣ ಬೇಡವೆಂದ. ಚರ್ಚಿನಲ್ಲಿ ಹೆಂಗಸರು ಕೈಹಿಡಿದು, "ನೀನು ಹೀಗೇ ಇದ್ದುಬಿಡು, ಏನೂ ಮಾಡಬೇಡ" ಎಂದರು. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಬೆನ್ನು ಬಗ್ಗಿಸಿ ಒಗೆದಾಗ ಒಬ್ಬರೂ ಒಂದು ಚೂರು ಪೈ ಕೊಟ್ಟಿರಲಿಲ್ಲ. ಮಾಡಿದ ಕೆಲಸಕ್ಕೆ ಇಲ್ಲದ ಹೊಗಳಿಕೆ ಬಿಟ್ಟ ಕೆಲಸಕ್ಕೆ ಹೇಗೆ ಬಂತು? ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಪೈ ಕೊಟ್ರೆ ತಿನ್ನೋದು. ಅದಕ್ಕೂ ಯಾಕೆ ಯೋಚ್ನೆ?" ಎಂದ ಲೈಲ್.

"ನಾನು ತೊಳೀದೇ ಇದ್ರೆ ಗೆಲ್ತಾರೆ ಅಂದ್ರೆ, ಇಷ್ಟು ವರ್ಷ ಸೋತಿದ್ದು ನಾನು ತೊಳೆದಿದ್ದಕ್ಕಾ?"

ಲೈಲ್ ಅವಳು ತಂದಿದ್ದ ಪೈಯನ್ನು ನುಂಗಿದ. "ಅದನ್ನ ಊರಲ್ಲಿ ಯಾರ ಮುಂದೆಯೂ ಕೇಳಬೇಡ" ಎಂದ.

ಕಡೆಯ ಪಂದ್ಯ ಗೆದ್ದರೆ ಆ ವರ್ಷದ ಬಹುಮಾನದ ಕಪ್ಪು ಲಿಂಡಾಲಿಗೆ. ಊರು ಹುಟ್ಟಿದಾಗಿನಿಂದ ಒಮ್ಮೆಯೂ ಬಾರದ ಕಪ್ಪು. ಆ ವಾರವೇ ಕರ್ಟ್ ಟವೆಲ್ಲು ಕೇಳಲು ಬಂದಾಗ ವರ್ನಾ ಅವನ ಕಾಲು ನೋಡಿದಳು. ಮೊಣಕಾಲಿನ ಕೆಳಗೆ ಕೆಂಪು ಗುಳ್ಳೆಗಳು. ನಡುವೆ ಒಂದು ಕೀವು ತುಂಬಿ ಹೊಳೆಯುತ್ತಿತ್ತು.

"ಇದೇನೋ ಇದು?"

"ಸೊಳ್ಳೆ ಇರಬೇಕು."

"ನವೆಂಬರಿನಲ್ಲಿ? ಹಿಮ ಬಿದ್ದ ಮೇಲೆ ಯಾವ ಸೊಳ್ಳೆನಪ್ಪಾ?"

ಅವಳು ನೆಟ್ಟಗೆ ಕೋಚ್ ಬಳಿಗೆ ಹೋದಳು. ಕ್ವಾಮ್ ಕೆಟ್ಟವನಲ್ಲ. ಮುಲಾಮು ಹಚ್ಚಿಸಿದ್ದಾನಂತೆ, ಡಾಕ್ಟರೂ ನೋಡಿದ್ದಾರಂತೆ. "ಶನಿವಾರ ಒಂದು ಕಳೀಲಿ ವರ್ನಾ. ಭಾನುವಾರ ಬೇಕಾದ್ರೆ ಸುಟ್ಟುಹಾಕಿ" ಎಂದು ಕಣ್ಣು ತಪ್ಪಿಸಿ ಹೇಳಿದ.

ಆಸ್ಪತ್ರೆಯ ಆ ಹಾಸಿಗೆ ಬಟ್ಟೆ ಅವಳ ಕಣ್ಣ ಮುಂದೆ ಬಂತು. ತೊಳೆದರೆ ಊರಿನ ಕಪ್ಪು ಹೋಗುತ್ತದೆ. ತೊಳೆಯದಿದ್ದರೆ ಹುಡುಗನ ಕಾಲು ಹೋಗಬಹುದು. ಕಾಲುಚೀಲಕ್ಕೂ ಕಪ್ಪಿಗೂ ಸಂಬಂಧವಿಲ್ಲವೆಂದು ಬುದ್ಧಿ ಹೇಳುತ್ತಿತ್ತು. ಆದರೆ ತಿಂದ ಪೈಗಳೆಲ್ಲ ಹೊಟ್ಟೆಯಲ್ಲಿ ಕುಳಿತು ಬೇರೆಯೇ ಮಾತು ಹೇಳುತ್ತಿದ್ದವು.

ಶುಕ್ರವಾರ ಮಧ್ಯಾಹ್ನ ಹುಡುಗರು ಪಾಠಕ್ಕೆ ಹೋಗಿದ್ದಾಗ ಅವಳು ಬಾಗಿಲ ಅಗುಳಿ ಹಾಕಿ ಕಾಲುಚೀಲಗಳನ್ನೆಲ್ಲ ಕುದಿನೀರಿಗೆ ಹಾಕಿದಳು. ನೀರು ಮೂರು ಸಲ ಕಪ್ಪಾಗಿ ನಾಲ್ಕನೆಯ ಸಲ ತಿಳಿಯಾಯಿತು. ಹೊರತೆಗೆದರೆ ಅವು ಹಾಲಿನಂತೆ ಬೆಳ್ಳಗೆ. ಅದನ್ನು ನೋಡಿ ಅವಳಿಗೆ ಸಂತೋಷವಾಯಿತು. ಆದರೆ ತೊಳೆದದ್ದು ಯಾವ ಕುರುಡನಿಗೂ ಗೊತ್ತಾಗುವಂತಿತ್ತು.

ಊಟದ ಮನೆಗೆ ಹೋಗಿ ಬೆಳಗಿನ ಉಳಿದ ಕಾಫಿಯನ್ನೆಲ್ಲ ಬಕೆಟ್ಟಿಗೆ ಸುರಿಸಿಕೊಂಡು ಬಂದಳು. "ಇಷ್ಟು ಕಾಫಿ ಯಾರಿಗೆ?" ಎಂದು ಬಡಿಸುವವಳು ಕೇಳಿದ್ದಕ್ಕೆ, "ಲೈಲ್‌ಗೆ ನಿದ್ದೆ ಜಾಸ್ತಿ" ಎಂದಳು. ಕಾಫಿಯಲ್ಲಿ ಅದ್ದಿ, ಗಂಜಿಯಲ್ಲಿ ಹೊರಳಿಸಿ, ಬಾಯ್ಲರಿನ ಮೇಲೆ ಒಣಗಿಸಿದಳು. ಸಂಜೆಯ ಹೊತ್ತಿಗೆ ಅವು ಮೊದಲಿನಂತೆಯೇ ಕಂದಾಗಿ, ಗಡುಸಾಗಿ, ಗೋಡೆಗೆ ಒರಗಿ ನಿಂತವು. ತೊಳೆದ ಬಟ್ಟೆಯನ್ನು ತಾನೇ ಕೊಳೆ ಮಾಡುತ್ತಿರುವುದು ಜೀವನದಲ್ಲಿ ಇದೇ ಮೊದಲು ಎಂದುಕೊಂಡಳು. ಹಾಗಾದರೆ ಇವು ತೊಳೆದವೋ, ತೊಳೆಯದವೋ? ಅದೂ ಬಗೆಹರಿಯಲಿಲ್ಲ.

ಶನಿವಾರ ಅವಳು ಲೈಲ್‌ನ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತು ಪಂದ್ಯ ನೋಡಿದಳು. ಲಿಂಡಾಲಿನವರು ಮುಂದಾದಾಗ ತಾನು ಮಾಡಿದ್ದು ಸರಿ ಎನಿಸಿತು. ಹಿಂದಾದಾಗ ಕಂಬಳಿಯನ್ನು ಮುಖದವರೆಗೂ ಎಳೆದುಕೊಂಡಳು. ಆಟ ಮುಗಿದು ಸೀಟಿ ಊದಿದಾಗ ಎರಡೂ ಕಡೆಯ ಅಂಕಗಳು ಸಮ. ಆಗೆಲ್ಲ ಸಮ ಎಂದರೆ ಸಮ. ಮುಂದೆ ಆಡಿಸುವ ಪದ್ಧತಿ ಇರಲಿಲ್ಲ. ಕಪ್ಪನ್ನು ಆರು ತಿಂಗಳು ಅವರು, ಆರು ತಿಂಗಳು ಇವರು ಇಟ್ಟುಕೊಳ್ಳಬೇಕೆಂದು ತೀರ್ಮಾನವಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಜನ ಬಹಳ ಹೊತ್ತು ಹಾಗೆಯೇ ಕುಳಿತಿದ್ದರು.

"ಗೆದ್ವಾ, ಸೋತ್ವಾ?" ಎಂದಳು ವರ್ನಾ.

"ಚಳಿ ಆಗ್ತಿದೆ, ಏಳು" ಎಂದ ಲೈಲ್.

ಕರ್ಟ್‌ನ ಗುಳ್ಳೆಗಳು ಮುಂದಿನ ವಾರ ಒಣಗಿದವು. ಮುಲಾಮಿನಿಂದ ಎಂದರು ಡಾಕ್ಟರು. ಹರೆಯದ ಮೈ ಎಂದ ಕ್ವಾಮ್. ವರ್ನಾ ಕಾಫಿಯ ಬಕೆಟ್ಟನ್ನು ತೊಳೆದಿಟ್ಟಳು.

ಎಷ್ಟೋ ವರ್ಷಗಳ ಮೇಲೆ ಕರ್ಟ್ ಊರಿಗೆ ಬಂದವನು ಅವಳನ್ನು ನೋಡಲು ಬಂದ. ತಲೆ ಬೋಳಾಗಿತ್ತು, ಬಾಗಿಲು ಇನ್ನೂ ತುಂಬುತ್ತಿತ್ತು. ಅವಳು ಕಾಫಿ ತಂದಿಟ್ಟಳು. ಅವನು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ನಕ್ಕ.

"ಕಾಲುಚೀಲದ ವಾಸನೆ."

ವರ್ನಾ ಕುರ್ಚಿಯಲ್ಲಿ ಕುಳಿತಳು. "ನಿನಗೆ ಗೊತ್ತಿತ್ತಾ?"

"ಹಾಕ್ಕೊಳ್ಳೋವಾಗ್ಲೇ ಗೊತ್ತಾಯ್ತು. ಬೇರೆಯವರಿಗೆ ಹೇಳ್ಲಿಲ್ಲ. ಅವತ್ತು ಮೊದಲನೇ ಸಲ ಕಾಲು ಉರೀಲಿಲ್ಲ ವರ್ನಾ."

"ಹಾಗಾದ್ರೆ ಗೆಲ್ಬೇಕಿತ್ತಲ್ಲ?"

"ಅಥವಾ ಸೋಲ್ಬೇಕಿತ್ತು."

"ಯಾವುದಯ್ಯಾ?"

"ನಂಗೂ ಗೊತ್ತಿಲ್ಲ" ಎಂದ ಕರ್ಟ್. ಪ್ಯಾಂಟಿನ ಕಾಲನ್ನು ಮೇಲಕ್ಕೆಳೆದು ತೋರಿಸಿದ. ಒಂದು ಕಲೆಯೂ ಇರಲಿಲ್ಲ. ವರ್ನಾ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದಳು.

ಈಗ ವರ್ನಾ ನಿವೃತ್ತಳು. ಮನೆಯ ಬಟ್ಟೆಯನ್ನು ಸೋಮವಾರ ಒಗೆಯುತ್ತಾಳೆ, ಬಿಸಿಲಿದ್ದರೆ ಹಿತ್ತಲಿನಲ್ಲಿ ಒಣಹಾಕುತ್ತಾಳೆ. ಶರತ್ಕಾಲ ಬಂದು ಕಾಲೇಜಿನ ಪಂದ್ಯಗಳು ಶುರುವಾದ ಮೇಲೆ ಮಾತ್ರ ಲೈಲ್‌ನ ಒಂದು ಜೊತೆ ಕಾಲುಚೀಲ ಯಂತ್ರದ ಹಿಂದೆ ತೊಳೆಯದೆ ಹಾಗೆಯೇ ಬಿದ್ದಿರುತ್ತದೆ.

"ನನ್ನ ಕಂದು ಕಾಲುಚೀಲ ಎಲ್ಲಿ ಹೋಯ್ತೇ?" ಎಂದು ಅವನು ಕೋಣೆಯಿಂದ ಕೂಗುತ್ತಾನೆ.

"ಹುಡುಕ್ತಾ ಇದ್ದೀನಿ" ಎನ್ನುತ್ತಾಳೆ ವರ್ನಾ, ರೇಡಿಯೋದಲ್ಲಿ ಅಂಕ ಎಷ್ಟಾಯಿತೆಂದು ಕೇಳುತ್ತಾ.