ಹಗುರವೆಂದು ಕಂಡ ಕ್ಯಾರವಾನ್

ನಮ್ಮ ಕಾರು ಎಷ್ಟು ಭಾರ ಎಳೆಯಬಲ್ಲದು ಎಂಬುದು ಆರು ವರ್ಷ ಅದನ್ನು ಓಡಿಸಿದ ಮೇಲೂ ನನಗಾಗಲಿ ನನ್ನ ಗಂಡನಿಗಾಗಲಿ ತಿಳಿದಿರಲಿಲ್ಲ. ತಿಳಿದದ್ದು ಹೈಡೆಲ್‌ಬರ್ಗಿನ ಹೊರವಲಯದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಅಂದರೆ ಕ್ಯಾರವಾನ್ ಮಾರುವ ಒಂದು ಅಂಗಡಿಯಲ್ಲಿ. ಹಿಂದುಗಡೆ ಮಂಚ, ನಡುವೆ ಎರಡು ಒಲೆಯ ಅಡುಗೆಮನೆ, ಮುಂದೆ ಇಬ್ಬರು ಕೂತು ಉಣ್ಣುವಷ್ಟು ಮೇಜು ಇದ್ದ ಗಾಡಿಯೊಂದನ್ನು ನಾವು ಮೆಚ್ಚಿಕೊಂಡಾಗಿತ್ತು. ಮಸಾಲೆ ಡಬ್ಬಿ ಯಾವ ಗೂಡಿನಲ್ಲಿ ಇಡಬೇಕೆಂಬುದನ್ನೂ ನಾನು ತೀರ್ಮಾನಿಸಿದ್ದೆ. ಅಂಗಡಿಯಾತ ನಮ್ಮ ಕಾರಿನ ನೋಂದಣಿ ಪತ್ರ ಕೇಳಿದ. ಅದರ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ.

"ಒಂಬೈನೂರು ಕೆಜಿ," ಅಂದ. "ಈ ಗಾಡಿ ತುಂಬಿದರೆ ಸಾವಿರದ ಮುನ್ನೂರು. ನಿಮ್ಮ ಕಾರಿಗೆ ಇದನ್ನ ಕಟ್ಟೋ ಹಾಗಿಲ್ಲ."

ನನ್ನ ಗಂಡ ಪತ್ರವನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಓದಿದರು. ಅವರು ರೈಸ್ ಕುಕ್ಕರಿನ ಜೊತೆ ಬರುವ ಪುಸ್ತಕವನ್ನೂ ಬಿಡದೆ ಓದುವವರು. ಕಾರಿಗೆ ವಾಪಸು ಬಂದು ಕೂತ ಮೇಲೂ ಸುಮಾರು ಹೊತ್ತು ಅದನ್ನೇ ನೋಡುತ್ತಿದ್ದರು.

"ಆರು ವರ್ಷದಿಂದ ಇದು ನನ್ನ ಪರ್ಸಲ್ಲೇ ಇದೆ ಕಣೇ," ಅಂದರು.

ಕ್ಯಾರವಾನಿನ ಆಸೆ ಹುಟ್ಟಿದ್ದು ಒಂದು ಒಗ್ಗರಣೆಯಿಂದ. ಮಗಳು ಓದಲೆಂದು ಕಲೋನ್ ನಗರಕ್ಕೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ರಜೆಯಲ್ಲಿ ಒಂದು ಬಾಡಿಗೆ ಫ್ಲ್ಯಾಟಿನಲ್ಲಿದ್ದಾಗ ನಾನು ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೆ. ಹೊಗೆಯ ಅಲಾರಂ ಹೊಡೆದುಕೊಂಡು ಇಡೀ ಕಟ್ಟಡದ ಜನ ರಸ್ತೆಗೆ ಇಳಿದರು. ಬಾತ್‌ರೋಬ್ ಸುತ್ತಿಕೊಂಡು ಚಳಿಯಲ್ಲಿ ನಿಂತಿದ್ದ ಒಬ್ಬ ಮುದುಕಿಯ ಮುಖ ನನಗೆ ಇನ್ನೂ ನೆನಪಿದೆ. ಆವತ್ತೇ ನನ್ನ ಗಂಡ, "ನಮ್ಮದೇ ಒಂದು ಪುಟ್ಟ ವೋನ್‌ವಾಗನ್ ತಗೊಳ್ಳೋಣ. ಅಡುಗೆ ನಮ್ಮಿಷ್ಟ, ಕಿಟಕಿ ನಮ್ಮಿಷ್ಟ," ಅಂದರು. ಇಲ್ಲಿಯವರು ಕ್ಯಾರವಾನಿಗೆ ಹೇಳುವ ಹೆಸರು ಅದು. ಸೈಕಲ್ ಸ್ಟ್ಯಾಂಡಿಗೆಂದು ಕಾರಿನ ಹಿಂದೆ ಹಾಕಿಸಿದ್ದ ಕೊಕ್ಕೆ ಹೇಗೂ ಇತ್ತು.

ಅಂಗಡಿಯಲ್ಲಿ ಆದ ಅವಮಾನದ ಮೇಲೆ ನನ್ನ ಗಂಡ ಎಕ್ಸೆಲ್ ತೆರೆದರು. ಗಾಡಿ ಖಾಲಿ ಇದ್ದಾಗ ಎಷ್ಟು ತೂಕ, ತುಂಬಿದಾಗ ಎಷ್ಟರವರೆಗೆ ಹೋಗಬಹುದು, ಗಾಡಿಯ ಮೂತಿ ಕಾರಿನ ಕೊಕ್ಕೆಯ ಮೇಲೆ ಎಷ್ಟು ಭಾರ ಹೇರಬೇಕು. ಈ ಮೂರನ್ನು ಇಟ್ಟುಕೊಂಡು ಜಾಹೀರಾತುಗಳನ್ನು ಜಾಲಾಡಿದರು. ಹೊಸ ಗಾಡಿಗಳೆಲ್ಲ ಭಾರದವು. ಹಗುರವಾದವು ಹಳೆಯವು, ಒಳಗೆ ನೀರು ಸೋರಿದಂಥವು. ಎರಡು ತಿಂಗಳಾದ ಮೇಲೆ ಓಡನ್‌ವಾಲ್ಡ್ ಬೆಟ್ಟಗಳ ನಡುವಿನ ಒಂದು ಹಳ್ಳಿಯಲ್ಲಿ ನಮಗೆ ಬೇಕಾದದ್ದು ಸಿಕ್ಕಿತು. ಖಾಲಿ ತೂಕ ಆರುನೂರ ಎಪ್ಪತ್ತು ಕೆಜಿ, ತುಂಬಿದರೆ ಎಂಟುನೂರ ಐವತ್ತು. ಮಾರುತ್ತಿದ್ದವರು ಎಪ್ಪತ್ತು ದಾಟಿದ ಗಂಡ ಹೆಂಡತಿ.

ನಾವು ಶನಿವಾರ ಬೆಳಿಗ್ಗೆ ಹೋದೆವು. ಅಜ್ಜ ಉದ್ದನೆಯ ಆಳು, ನೇರ ಬೆನ್ನು. ಕಣ್ಣು ಮಂದವಾದ್ದರಿಂದ ಹಿಂದಿನ ವರ್ಷ ಕಾರು ಓಡಿಸುವುದನ್ನು ಬಿಟ್ಟು ಕಾರನ್ನೂ ಮಾರಿದ್ದರು. ಅಜ್ಜಿ ಸಣ್ಣ ಜೀವ, ಸೊಂಟ ನೋವಿಗೆ ಒಂದು ಕೈ ಹಿಂದೆ ಕಟ್ಟಿಕೊಂಡೇ ನಡೆಯುತ್ತಿದ್ದರು. ಗಾಡಿಯ ಒಳಗೆ ಒಂದು ಚಮಚವೂ ಉಳಿಯದಂತೆ ಖಾಲಿ ಮಾಡಿ ಒರೆಸಿ ಇಟ್ಟಿದ್ದರು. ಕಿಟಕಿಗೆ ಅಜ್ಜಿ ಹೊಲಿದ ಹೂವಿನ ಪರದೆಗಳು. ನನ್ನ ಗಂಡ ನೆಲ ಒತ್ತಿ ನೋಡಿದರು, ಮೂಲೆಗಳನ್ನು ಮೂಸಿದರು. ಎಲ್ಲಿಯೂ ತೇವ ಇರಲಿಲ್ಲ.

"ಇಪ್ಪತ್ತೆರಡು ವರ್ಷ ಇದರಲ್ಲಿ ತಿರುಗಿದ್ದೀವಿ," ಅಂದರು ಅಜ್ಜ. "ಒಂದ್ಸಲ ಕಟ್ಟಿಕೊಂಡು ಓಡಿಸಿ ನೋಡಿ. ಗೊತ್ತಾಗುತ್ತೆ."

ಕೊಕ್ಕೆಗೆ ಸಿಕ್ಕಿಸುವಾಗ ನನ್ನ ಗಂಡ ಗಾಡಿಯ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಎಷ್ಟು ಹಗುರ ನೋಡಿದ್ಯಾ," ಅಂದರು. ನಾನೂ ಖುಷಿಪಟ್ಟೆ. ಮೂತಿಯ ಭಾರ ಅಳೆಯಲೆಂದು ಮನೆಯ ಬಾತ್‌ರೂಮಿನ ತೂಕದ ಯಂತ್ರವನ್ನು ಅವರು ಡಿಕ್ಕಿಯಲ್ಲಿ ತಂದಿದ್ದರು. ಆದರೆ ಅಜ್ಜನ ಎದುರಿಗೆ ಅದನ್ನು ಹೊರಗೆ ತೆಗೆಯಲು ಅವರಿಗೆ ಸಂಕೋಚವಾಯಿತು. ದಿನಾ ವಾಲ್‌ಡಾರ್ಫಿನ ಆಫೀಸಿಗೆ ಕಾರು ಓಡಿಸುವವಳು ನಾನು, ಆದ್ದರಿಂದ ಸ್ಟೀರಿಂಗ್ ನನ್ನ ಕೈಗೇ ಬಂತು. ಅಜ್ಜ ಹಿಂದಿನ ಸೀಟಿನಲ್ಲಿ ಕೂತರು. ಕೇಕ್ ಮಾಡಿಟ್ಟಿರುತ್ತೇನೆ ಎಂದು ಅಜ್ಜಿ ಗೇಟಿನಲ್ಲಿ ನಿಂತು ಕೈಬೀಸಿದರು.

ಊರೊಳಗೆ ಏನೂ ಗೊತ್ತಾಗಲಿಲ್ಲ. ಹಿಂದೆ ಗಾಡಿ ಇದೆಯೆಂಬುದೇ ಮರೆತುಹೋಗುವಷ್ಟು ಸಲೀಸು. ಊರು ದಾಟಿದ ಮೇಲೆ ರಸ್ತೆ ಇಳಿಜಾರಾಯಿತು. ವೇಗ ಎಪ್ಪತ್ತೈದು ಇದ್ದಿರಬೇಕು. ಅಜ್ಜ ಇಟಲಿಯ ಯಾವುದೋ ಕಣಿವೆಯ ವಿಷಯ ಹೇಳುತ್ತಿದ್ದರು. ಎದುರಿನಿಂದ ಮರದ ದಿಮ್ಮಿ ಹೇರಿದ ಲಾರಿಯೊಂದು ಬಂದು ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿ ನಮ್ಮನ್ನು ತಳ್ಳಿತು. ಆಮೇಲೆ ಯಾರೋ ಕಾರಿನ ಹಿಂಭಾಗವನ್ನು ಹಿಡಿದು ಮೆಲ್ಲಗೆ ಎಡಕ್ಕೆ ಎಳೆದಂತಾಯಿತು. ನಂತರ ಬಲಕ್ಕೆ. ನಾನು ಸ್ಟೀರಿಂಗನ್ನು ತುಸು ತಿರುಗಿಸಿ ಸರಿಮಾಡಲು ನೋಡಿದೆ. ಮುಂದಿನ ಎಳೆತ ಜೋರಾಯಿತು, ಅದರ ಮುಂದಿನದು ಇನ್ನೂ ಜೋರಾಯಿತು. ಸೀಟಿನ ಸಮೇತ ನನ್ನನ್ನು ಆ ಕಡೆ ಈ ಕಡೆ ಎಸೆಯುತ್ತಿತ್ತು. ಪಕ್ಕದ ಕನ್ನಡಿಯಲ್ಲಿ ಕ್ಯಾರವಾನಿನ ಇಡೀ ಪಕ್ಕೆ ಕಂಡಿತು, ಹೂವಿನ ಪರದೆಯ ಸಮೇತ. ನೇರ ಹಿಂದೆ ಬರಬೇಕಾದ ಗಾಡಿ ಹಾಗೆ ಕಾಣಿಸಬಾರದು. ಎದುರಿನಿಂದ ಒಂದು ಕೆಂಪು ಕಾರು ಬರುತ್ತಿತ್ತು.

"ಬ್ರೆಮ್ಸೆನ್," ಅಂದರು ಅಜ್ಜ ಹಿಂದಿನಿಂದ. ಬ್ರೇಕ್ ಒತ್ತು ಎಂದು. ಕೂಗಲಿಲ್ಲ, ನನ್ನ ಕಿವಿಯ ಪಕ್ಕದಲ್ಲೇ ಹೇಳಿದರು. "ಸ್ಟೀರಿಂಗ್ ನೇರ ಹಿಡಿ. ಪೂರ್ತಿ ಒತ್ತು."

ಬ್ರೇಕ್ ಒತ್ತಿದರೆ ಉರುಳುತ್ತೇವೆ ಎಂದೇ ನನಗೆ ಅನ್ನಿಸುತ್ತಿತ್ತು. ಆದರೂ ಒತ್ತಿದೆ. ಗಾಡಿ ಹಿಂದಿನಿಂದ ಒಮ್ಮೆ ಗುದ್ದಿ, ಇನ್ನೊಮ್ಮೆ ಓಲಾಡಿ, ನೇರವಾಯಿತು. ಕೆಂಪು ಕಾರು ಹಾರ್ನ್ ಮಾಡುತ್ತಾ ದಾಟಿಹೋಯಿತು. ನಾವು ರಸ್ತೆ ಬದಿಯ ಹುಲ್ಲಿನ ಮೇಲೆ ನಿಂತಿದ್ದೆವು.

ಸುಟ್ಟ ವಾಸನೆ ಬರುತ್ತಿತ್ತು. ನನ್ನ ಗಂಡ ಎರಡೂ ಕೈಗಳನ್ನು ಡ್ಯಾಶ್‌ಬೋರ್ಡಿಗೆ ಊರಿದ್ದವರು ತೆಗೆಯಲೇ ಇಲ್ಲ. ನಾನು ಬಾಗಿಲು ತೆಗೆಯಲು ಹೋದೆ. ಆರು ವರ್ಷದಿಂದ ದಿನಾ ತೆಗೆದ ಬಾಗಿಲು, ಅದರ ಹಿಡಿಕೆ ಎಲ್ಲಿದೆಯೆಂದು ಬೆರಳಿಗೆ ಸಿಗಲಿಲ್ಲ. ಬಲಗಾಲು ಬ್ರೇಕಿನ ಮೇಲಿಂದ ಏಳಲಿಲ್ಲ. ಅದು ಬೇರೆ ಯಾರದೋ ಕಾಲೆಂಬಂತೆ ನೋಡುತ್ತಾ ಕೂತಿದ್ದೆ.

"ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲಾನೂ ಹೀಗಾಗಿಲ್ಲ," ಅಂದರು ಅಜ್ಜ. ಅವರ ತುಟಿ ಬಿಳುಪಾಗಿತ್ತು. "ನನ್ನ ಹಳೆಯ ಕಾರು ತುಂಬ ಭಾರದ್ದು, ಗಾಡಿ ಅದನ್ನ ಅಲುಗಿಸ್ತಿರಲಿಲ್ಲ. ಆದರೂ ಹೀಗೆ ಆಗಬಾರದು. ಖಾಲಿ ಗಾಡಿ ಇದು."

ಹತ್ತಿರದಲ್ಲೇ ಒಬ್ಬ ಧಾನ್ಯದ ವ್ಯಾಪಾರಿಯ ಅಂಗಳದಲ್ಲಿ ವೇಬ್ರಿಡ್ಜ್ ಇದೆಯೆಂದು ಅವರೇ ಹೇಳಿದರು. ನನ್ನ ಗಂಡ ಸ್ಟೀರಿಂಗ್ ಹಿಡಿದರು. ಆಳು ನಡೆಯುವಷ್ಟು ನಿಧಾನವಾಗಿ ಅಲ್ಲಿಗೆ ಹೋದೆವು. ನಮ್ಮ ದಾವಣಗೆರೆಯಲ್ಲಿ ಮೆಕ್ಕೆಜೋಳದ ಲಾರಿ ತೂಗುವಂಥದೇ ಕಬ್ಬಿಣದ ಹಾಸು. ಕಾರನ್ನು ಬಿಡಿಸಿ ಕ್ಯಾರವಾನನ್ನು ಮಾತ್ರ ಅದರ ಮೇಲೆ ನಿಲ್ಲಿಸಿದೆವು. ಕಚೇರಿಯ ಕಿಟಕಿಯಿಂದ ಹೆಂಗಸೊಬ್ಬಳು, "ಎಂಟುನೂರ ನಲವತ್ತು," ಎಂದಳು.

ಅಜ್ಜ ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ ಕೇಳಿದರು. ಅವಳು ಚೀಟಿ ಕೊಟ್ಟಳು. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ನೂರ ಎಪ್ಪತ್ತು ಕೆಜಿ ಹೆಚ್ಚು. ಕಾಗದದ ಪ್ರಕಾರ ಅದರಲ್ಲಿ ನಾವು ಇನ್ನು ಹತ್ತು ಕೆಜಿಯ ಒಂದು ಅಕ್ಕಿ ಚೀಲವನ್ನಷ್ಟೇ ಇಡಬಹುದಿತ್ತು.

ನನ್ನ ಗಂಡ ಡಿಕ್ಕಿಯಿಂದ ಆ ತೂಕದ ಯಂತ್ರ ತಂದು ಗಾಡಿಯ ಮೂತಿಯನ್ನು ಅದರ ಮೇಲಿಟ್ಟರು. ಐವತ್ತರ ಹತ್ತಿರ ಇರಬೇಕಾದಲ್ಲಿ ಏಳು ತೋರಿಸಿತು.

"ಭಾರವೆಲ್ಲ ಹಿಂದಿದೆ ಕಣೇ. ಅದಕ್ಕೇ ಮೂತಿ ಅಷ್ಟು ಸಲೀಸಾಗಿ ಎದ್ದಿದ್ದು. ಬಾಲ ಭಾರವಾದ್ರೆ ಗಾಡಿ ತೂಗಾಡುತ್ತೆ. ಇದು ನಂಗೆ ಗೊತ್ತಿತ್ತು," ಅಂದರು. "ಗೊತ್ತಿದ್ದೂ ನಾಚಿಕೆಪಟ್ಕೊಂಡು ಸುಮ್ನಿದ್ದೆ."

ಒಳಗೆ ಹೋಗಿ ಹಿಂದಿನ ಮಂಚದ ಹಾಸಿಗೆ ಎತ್ತಿದೆವು. ಅದರ ಕೆಳಗಿನ ಪೆಟ್ಟಿಗೆ ಖಾಲಿ ಇತ್ತು. ಆದರೆ ಪೆಟ್ಟಿಗೆಯ ಹಿಂದೆ, ಗೋಡೆಗೆ ಒತ್ತಿದಂತೆ ಒಂದು ತೆಳು ಹಲಗೆ ನಿಲ್ಲಿಸಿತ್ತು. ನನ್ನ ಗಂಡ ಅದನ್ನು ಸರಿಸಿದರು. ಹಿಂದೆ ಹಳೆಯ ಟವೆಲುಗಳಲ್ಲಿ ಸುತ್ತಿದ ಗಂಟುಗಳು, ಒಂದರ ಮೇಲೊಂದು, ಗಾಡಿಯ ಅಗಲಕ್ಕೂ ಇದ್ದವು. ಮೊದಲ ಗಂಟು ಬಿಚ್ಚಿದಾಗ ತೆಂಗಿನಕಾಯಿ ಗಾತ್ರದ ನುಣ್ಣನೆಯ ಕಲ್ಲು ಸಿಕ್ಕಿತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ಕಡಲತೀರದ ಹೆಸರು, ಒಂದು ಇಸವಿ. ಎರಡನೆಯದರಲ್ಲೂ ಕಲ್ಲು. ಎಲ್ಲದರಲ್ಲೂ ಕಲ್ಲು.

ಅಜ್ಜ ಒಂದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಇದು ನನ್ನ ಹೆಂಡತಿ ಅಕ್ಷರ," ಅಂದರು. ಆಮೇಲೆ ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ನಾವಿಬ್ಬರೇ ಕಲ್ಲುಗಳನ್ನೆಲ್ಲ ಎತ್ತಿ ತಂದು ನೆಲದ ನಡುವೆ, ಚಕ್ರಗಳ ನೇರಕ್ಕೆ ಬರುವಂತೆ ಹರಡಿದೆವು. ಮತ್ತೆ ಸ್ಟೀರಿಂಗ್ ಹಿಡಿಯಲು ನನ್ನಿಂದ ಆಗಲಿಲ್ಲ. ನನ್ನ ಗಂಡ ಮೂವತ್ತರ ವೇಗದಲ್ಲಿ ಹಳ್ಳಿಗೆ ಓಡಿಸಿದರು. ಹಿಂದೆ ಸಾಲುಗಟ್ಟಿದ ಕಾರುಗಳಿಗೆಲ್ಲ ದಾರಿ ಬಿಟ್ಟುಕೊಡುತ್ತಾ ಹೋದರು.

ಅಜ್ಜಿ ಅಂಗಳದಲ್ಲೇ ಮೇಜು ಹಾಕಿ ತಟ್ಟೆ ಜೋಡಿಸಿದ್ದರು. ನಗುತ್ತಾ ಬಂದವರು ಗಾಡಿಯ ತೆರೆದ ಬಾಗಿಲಿನಲ್ಲಿ ಕಲ್ಲುಗಳನ್ನು ಕಂಡು ನಿಂತರು. ಅಜ್ಜ ನಡೆದದ್ದನ್ನೆಲ್ಲ ಏರುಪೇರಿಲ್ಲದ ದನಿಯಲ್ಲಿ ಹೇಳಿದರು. ಲಾರಿ, ಓಲಾಟ, ಕೆಂಪು ಕಾರು, ತೂಕದ ಚೀಟಿ. ಕೊನೆಗೆ, "ಮೊಮ್ಮಕ್ಕಳು ನನ್ನ ಕಾರಿನ ಹಿಂದಿನ ಸೀಟಲ್ಲಿ ಕೂತಿರ್ತಿದ್ದರು. ಇದನ್ನೆಲ್ಲ ಎಳೆದುಕೊಂಡು ನಾನು ಘಾಟಿ ಇಳಿದಿದ್ದೀನಿ. ನೀನು ಪಕ್ಕದಲ್ಲೇ ಕೂತಿದ್ದೆ," ಅಂದರು.

ಅಜ್ಜಿ ಕುರ್ಚಿ ಹಿಡಿದು ಕೂತರು.

"ನೆನಪಿಗೆ ಅಂತ ಒಂದು ಪ್ರವಾಸಕ್ಕೆ ಮೂರೋ ನಾಲ್ಕೋ ತರ್ತಿದ್ದೆ," ಅಂದರು. "ಒಟ್ಟು ಎಷ್ಟಾಯಿತು ಅಂತ ಯಾವತ್ತೂ ಯೋಚಿಸಲಿಲ್ಲ. ಮಾರುವ ಮುಂಚೆ ತೆಗೀಬೇಕು ಅಂತ ಇತ್ತು. ಈ ಸೊಂಟದಲ್ಲಿ ಎತ್ತೋಕೆ ಆಗಲಿಲ್ಲ. ನಿಮಗೆ ಹೇಳಿದರೆ ಬೈತೀರಿ ಅಂತ ಬಿಟ್ಟೆ."

"ನಾನು ಯಾವತ್ತು ಬೈದಿದ್ದೀನಿ?" ಅಂದರು ಅಜ್ಜ.

ಅಜ್ಜಿ ಮೇಜಿನ ಮೇಲಿನ ತಟ್ಟೆಯೊಂದನ್ನು ಸರಿಸಿಟ್ಟರು. ಅಜ್ಜ ಮನೆಯೊಳಗೆ ಹೋದರು. ಅಜ್ಜಿ ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು. "ನಿನ್ನನ್ನ ನಾನು ಸಾಯಿಸಿಬಿಡ್ತಿದ್ದೆ," ಅಂದರು. ಆ ಕೆಂಪು ಕಾರು ಇನ್ನೂ ಕಣ್ಣೆದುರಿಗೇ ಇತ್ತು. ಕೇಕನ್ನು ಯಾರೂ ಮುಟ್ಟಲಿಲ್ಲ.

ಸೋಮವಾರ ಆಫೀಸಿಗೆ ಹೋಗುವಾಗ ಪಕ್ಕದಲ್ಲಿ ಲಾರಿ ಹಾದರೆ ನನ್ನ ಭುಜಗಳು ಕಿವಿಯವರೆಗೆ ಏರುತ್ತಿದ್ದವು. ಒಂದು ವಾರ ಟ್ರೇನಿನಲ್ಲಿ ಹೋದೆ. ನನ್ನ ಗಂಡ ಎಕ್ಸೆಲ್ ಫೈಲನ್ನೇ ಅಳಿಸಿಹಾಕಿದ್ದರು.

ಮೂರು ವಾರದ ಮೇಲೆ ಅಜ್ಜ ಫೋನ್ ಮಾಡಿದರು. ಕಲ್ಲೆಲ್ಲ ತೆಗೆಸಿ, ಮೆಕ್ಯಾನಿಕ್‌ನಿಂದ ಚಕ್ರ, ಬ್ರೇಕು, ಅಚ್ಚು ಪರೀಕ್ಷೆ ಮಾಡಿಸಿ, ಇನ್ನೊಮ್ಮೆ ತೂಗಿಸಿದ್ದರಂತೆ. ಆರುನೂರ ಎಂಬತ್ತು ಬಂತಂತೆ. "ನೀವು ಕೊಳ್ಳಬೇಕು ಅಂತ ಹೇಳ್ತಿಲ್ಲ. ನಿಮಗೆ ನಿಜವಾದ ತೂಕ ಗೊತ್ತಿರಲಿ ಅಂತ," ಅಂದರು. ಹೆಂಡತಿಯ ವಿಷಯ ನಾನು ಕೇಳಿದೆ. "ಮಾತಾಡ್ತಿದ್ದೀವಿ. ಮೊದಲಿಗಿಂತ ಜಾಸ್ತಿ," ಎಂದಷ್ಟೇ ಹೇಳಿದರು.

"ನನಗೆ ಬೇಡ ಕಣೇ," ಅಂದರು ನನ್ನ ಗಂಡ. "ಆ ಗಾಡಿ ನೋಡಿದ್ರೆ ಆ ರಸ್ತೆ ನೆನಪಾಗುತ್ತೆ."

"ನನಗೂ ನೆನಪಾಗ್ತದ್ರೀ. ಆದ್ರ ಬ್ರೇಕ್ ಒತ್ತಿದಾಗ ಅದು ನಿಂತಿತು. ತಪ್ಪು ಅದರದ್ದಲ್ಲ, ನಾವೂ ತೂಗ್ಲಿಲ್ಲ," ಅಂದೆ. ನನ್ನ ಬಾಯಿಂದಲೇ ಆ ಮಾತು ಬಂದದ್ದಕ್ಕೆ ನನಗೂ ಆಶ್ಚರ್ಯವಾಯಿತು.

ಕೊನೆಗೆ ಅದನ್ನೇ ಕೊಂಡೆವು. ಗಾಡಿ ಮನೆಗೆ ಬರುವ ಮೊದಲು ಇಬ್ಬರೂ ಕ್ಯಾರವಾನ್ ಓಡಿಸುವ ಒಂದು ದಿನದ ತರಬೇತಿಗೆ ಹೋದೆವು. ಅಲ್ಲಿ ಒದ್ದೆ ಮೈದಾನದ ಮೇಲೆ ಬೇಕೆಂತಲೇ ಗಾಡಿಯನ್ನು ಓಲಾಡಿಸಿ ಬ್ರೇಕ್ ಹಾಕಿಸುತ್ತಾರೆ. ಮೊದಲ ಸಲ ನನಗೆ ಕಣ್ಣೀರು ಬಂತು. ನಾಲ್ಕನೆಯ ಸಲಕ್ಕೆ ಕಾಲು ತಾನೇ ಕೆಲಸ ಮಾಡಿತು.

ಮೇ ತಿಂಗಳಲ್ಲಿ ಮೊದಲ ಪ್ರವಾಸ, ಬೋಡನ್ ಸರೋವರಕ್ಕೆ. ದಾರಿಯುದ್ದಕ್ಕೂ ಎಂಬತ್ತು ದಾಟಿಸದೆ ನಾನೇ ಓಡಿಸಿದೆ. ಲಾರಿಗಳೆಲ್ಲ ನಮ್ಮನ್ನು ಹಿಂದೆ ಹಾಕಿದವು. ನೀರಿನ ಪಕ್ಕದ ನಮ್ಮ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿಸಿದೆ. ಅವರು ಇಳಿದು ಸುತ್ತಿಬಂದು ನನ್ನ ಬಾಗಿಲು ತೆರೆದರು.

"ಇಳಿ, ಬಂದ್ವಲ್ಲ," ಅಂದರು.

"ಇರ್ರಿ, ಇನ್ನೊಂದು ಸ್ವಲ್ಪ," ಅಂದೆ.

ಅವರು ಅವಸರ ಮಾಡಲಿಲ್ಲ. ನನ್ನ ಕಾಲು ಬ್ರೇಕಿನಿಂದ ಏಳುವವರೆಗೂ ಬಾಗಿಲು ಹಿಡಿದುಕೊಂಡು ನಿಂತಿದ್ದರು.