ಮನೆಯಿಲ್ಲದ ಕ್ವೇಸಾರ್

ಮುರಳೀಧರ ಹದಿನೈದು ವರ್ಷ ನನ್ನ ಪಕ್ಕದ ಕೋಣೆಯಲ್ಲಿದ್ದ. ಚೆನ್ನೈನ ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ತನ್ನನ್ನು ತಾನೇ ಇಷ್ಟೊಂದು ಮೆಚ್ಚಿಕೊಂಡ ಇನ್ನೊಬ್ಬ ಪ್ರಾಣಿಯನ್ನು ನಾನು ಕಂಡಿಲ್ಲ. ವಡಪಳನಿಯಿಂದ ಬಂದು ಸ್ಕೂಟರ್ ಇಳಿಯುವಾಗಲೂ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣು ಹಾಯಿಸುತ್ತಿದ್ದ.

ಅವನ ವಿಷಯ ಕ್ವೇಸಾರ್. ದೂರದ ಗೆಲಾಕ್ಸಿಯೊಂದರ ನಡುವೆ ದೈತ್ಯ ಕಪ್ಪುಕುಳಿ ಅನಿಲವನ್ನು ನುಂಗುವಾಗ ಹೊಮ್ಮುವ ಬೆಳಕು ಅದು. ಎದುರಿಗೆ ಬರುವ ಲಾರಿಯ ಹೆಡ್‌ಲೈಟಿನಲ್ಲಿ ಲಾರಿಯೇ ಕಾಣದ ಹಾಗೆ, ಆ ಪ್ರಖರತೆಯಲ್ಲಿ ಗೆಲಾಕ್ಸಿ ಕಾಣುವುದಿಲ್ಲ. ಕಾಣಬೇಕಾದರೆ ಚಿತ್ರದಿಂದ ಕ್ವೇಸಾರಿನ ಬೆಳಕನ್ನಷ್ಟೇ ಹುಷಾರಾಗಿ ಕಳೆಯಬೇಕು. ಈ ಆತುರಗಾರನಿಗೆ ಹುಷಾರು ಎಲ್ಲಿಂದ ಬರಬೇಕು? ನಡುಭಾಗ ಪೂರ್ತಿ ಸೊನ್ನೆಯಾಗುವವರೆಗೆ ಕಳೆದ. ಜೊತೆಗೆ ಗೆಲಾಕ್ಸಿಯ ಬೆಳಕೂ ಹೋಯಿತು. 1998ರಲ್ಲಿ ತಾನು ಸುತ್ತ ಗೆಲಾಕ್ಸಿಯೇ ಇಲ್ಲದ, ಮನೆಯಿಲ್ಲದ ಕ್ವೇಸಾರ್ ಕಂಡುಹಿಡಿದೆನೆಂದು ಸಾರಿದ. ನಮ್ಮ ಕನ್ನಡ ಸಂಘದವರು ಶಾಲು ಹೊದಿಸಿದರು.

ಅವನ ವಿದ್ಯಾರ್ಥಿನಿ ನೀರಜಾ, ನಮ್ಮ ಸಂಘದ್ದೇ ಹುಡುಗಿ, ಅದೇ ಚಿತ್ರದಲ್ಲಿ ಕಡಿಮೆ ಕಳೆದು ನೋಡಿದಳು. ಮಸುಕಾಗಿ ಗೆಲಾಕ್ಸಿ ಇತ್ತು. ಪಕ್ಕದ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಅದರ ಒಂದು ಬದಿ ಬಾಲದಂತೆ ಎಳೆದುಕೊಂಡಿತ್ತು. ಅವಳ ಪಿಎಚ್‌ಡಿ ಪ್ರಬಂಧಕ್ಕೆ ಅದೇ ಜೀವ.

"ಅದೆಲ್ಲಾ ಸರಿ ವರಾದು, ಸರಿಹೋಗಲ್ಲ ನೀರಜಾ. ಬರೀ ನಾಯ್ಸು. ಆ ಚಾಪ್ಟರ್ ತೆಗೆದುಬಿಡು," ಎಂದ, ನನ್ನೆದುರಿಗೇ.

"ನಾಯ್ಸ್ ಅಲ್ಲ ಸಾರ್. ಎರಡು ಫಿಲ್ಟರ್‌ನಲ್ಲೂ ಇದೆ. ಒಂದ್ ತಡವೆ, ಒಂದೇ ಸಲ ನೋಡಿ."

"ಗೈಡ್ ಯಾರಮ್ಮಾ, ನಾನಾ ನೀನಾ?"

ಅಧ್ಯಾಯ ತೆಗೆಯದೆ ಅವನು ಸಹಿ ಹಾಕುವವನಲ್ಲ. ನೀರಜಾ ತೆಗೆಯಲಿಲ್ಲ. ಪದವಿಯಿಲ್ಲದೆ ಹೊರಟು ಪೆರುಂಗುಡಿಯ ಕಂಪನಿಯೊಂದಕ್ಕೆ ಸೇರಿದಳು. ಅಂದಿನಿಂದ ಅವನ ಮುಖ ಕಂಡರೆ ನನಗೆ ಹೇಸಿಗೆ.

ಐದು ವರ್ಷದ ಮೇಲೆ ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರ ಬಂತು. ಗೆಲಾಕ್ಸಿ, ಡಿಕ್ಕಿ, ಬಾಲ, ಎಲ್ಲವೂ ಅವಳು ತೋರಿಸಿದಲ್ಲೇ ಇದ್ದವು. ಇನ್ನಾದರೂ ಇವನು ತಲೆ ತಗ್ಗಿಸುತ್ತಾನೆ ಎಂದುಕೊಂಡೆ. ಮಹಾಶಯ ಅದೇ ಸಂಘದ ವೇದಿಕೆ ಹತ್ತಿ, "ಇದನ್ನ ನಮ್ಮ ಗುಂಪು ಆಗಲೇ ಕಂಡಿತ್ತು," ಎಂದು ಇನ್ನೊಂದು ಶಾಲು ಹೊದ್ದುಕೊಂಡ! ಮಾನ ಮರ್ಯಾದೆ ಎಂಬುದು ಅವನ ಮನೆಯ ದಾರಿಯಲ್ಲೂ ಸುಳಿದಿರಲಿಲ್ಲ.

ಅಪ್ಪನ ಜೊತೆ ಬಂದಿದ್ದ ನೀರಜಾ ಮುಂದಿನ ಸಾಲಿನಲ್ಲಿದ್ದಳು. ಅವನ ಕಣ್ಣಿಗೆ ಬಿದ್ದಳು.

"ಬಾಮ್ಮಾ, ನನ್ನ ಸ್ಟೂಡೆಂಟು ನೀನು! ಪಕ್ಕದಲ್ಲಿ ನಿಂತ್ಕೋ, ಒಂದು ಫೋಟೋ."

ನೀರಜಾ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಬೇಡ ಸಾರ್. ಆಮೇಲೆ ಅದರಿಂದಲೂ ನನ್ನನ್ನ ಕಳೆದುಬಿಡ್ತೀರ."

ಅವನು ಶಾಲು ಸರಿಪಡಿಸಿಕೊಂಡು ಕ್ಯಾಮೆರಾದ ಕಡೆ ತಿರುಗಿದ. ಆ ಫೋಟೋ ಇವತ್ತಿಗೂ ಸಂಘದ ಗೋಡೆಯ ಮೇಲಿದೆ. ಅದರಲ್ಲಿ ಮುರಳೀಧರ ಒಬ್ಬನೇ ಇದ್ದಾನೆ, ನಗುತ್ತಿದ್ದಾನೆ.